ಬಾಣ ಆರಿಸಲು ಕಲಿಸಿದ ಮೇಷ್ಟ್ರು

ಮೂರು ವಾರ ನಾನು ನನ್ನ ಕೈಯನ್ನೇ ಬೈದುಕೊಂಡಿದ್ದೆ. ತಪ್ಪು ಬಾಣದ್ದು ಎಂದು ಗೊತ್ತಾಗುವಷ್ಟರಲ್ಲಿ ಬಿಲ್ಲನ್ನೇ ಬಿಟ್ಟುಬಿಡುವ ಯೋಚನೆ ಬಂದುಬಿಟ್ಟಿತ್ತು.

ಕಾಲೇಜು ಸೇರಿದ ಮೇಲೆ ನನಗೆ ಬಿಲ್ವಿದ್ಯೆಯ ಹುಚ್ಚು ಹತ್ತಿತು. ಅಭ್ಯಾಸಕ್ಕೆ ಸಿಕ್ಕಿದ್ದು 40 ಪೌಂಡ್ ಎಳೆತದ ಕಾಂಪೌಂಡ್ ಬಿಲ್ಲು. ಎರಡು ತುದಿಗಳಲ್ಲಿ ಗಾಲಿಗಳಿರುವ, ಹೆದೆಯನ್ನು ಪೂರ್ತಿ ಎಳೆದ ಮೇಲೆ ಕೈ ಮೇಲಿನ ಭಾರ ತಟ್ಟನೆ ಇಳಿಯುವ ಈ ಕಾಲದ ಬಿಲ್ಲು ಅದು. ಹೊಸ ಬಾಣ ಕೊಳ್ಳಲು ದುಡ್ಡು ಸಾಲಲಿಲ್ಲ. ಸೀನಿಯರ್ ಒಬ್ಬರು ತಮ್ಮ ಹಳೆಯ ಆರು ಬಾಣ ಕೊಟ್ಟರು. ಅವುಗಳಿಂದಲೇ ಅವರು ಪದಕ ಗೆದ್ದಿದ್ದರು. ಹಾಗಾಗಿ ಅವು ಒಳ್ಳೆಯ ಬಾಣಗಳು ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆದರೆ ನಾನು ಬಿಟ್ಟ ಬಾಣಗಳೆಲ್ಲ ಗುರಿಗಿಂತ ಕೆಳಗೆ, ಒಂದು ಅತ್ತ, ಒಂದು ಇತ್ತ ನಾಟುತ್ತಿದ್ದವು.

ಒಂದು ಸಂಜೆ ಕೋಚ್ ಸರ್ ನನ್ನ ಬತ್ತಳಿಕೆಯಿಂದ ಒಂದು ಬಾಣ ತೆಗೆದು ಅದರ ಮೇಲೆ ಅಚ್ಚಾಗಿದ್ದ ಸಂಖ್ಯೆ ನೋಡಿದರು. 340 ಎಂದಿತ್ತು. ಅದು ಬಾಣದ ಗಡುಸುತನದ ಲೆಕ್ಕ. ಇದಕ್ಕೆ ಸ್ಪೈನ್ ಎನ್ನುತ್ತಾರೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವನ್ನು ಮಲಗಿಸಿ, ನಡುವೆ 1.94 ಪೌಂಡ್, ಅಂದರೆ ಸುಮಾರು 880 ಗ್ರಾಂ ತೂಕ ತೂಗುಬಿಡುತ್ತಾರೆ. ಅದು ಇಂಚಿನ ಸಾವಿರದಲ್ಲಿ ಎಷ್ಟು ಭಾಗ ಬಗ್ಗಿತು ಎನ್ನುವುದೇ ಆ ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ಬಾಣ ಗಡುಸು. ಸೀನಿಯರ್ ಬಳಸುತ್ತಿದ್ದದ್ದು 65 ಪೌಂಡ್‌ನ ಬಿಲ್ಲು. ಅದರ ತಳ್ಳುವಿಕೆಗೆ 340ರ ಬಾಣ ಸರಿ. ನನ್ನ ಬಿಲ್ಲಿಗೆ ಬೇಕಿದ್ದದ್ದು 500ರ ಆಸುಪಾಸಿನದು. ಹೆದೆ ತಳ್ಳಿದಾಗ ಬಾಣ ನೆಟ್ಟಗೆ ಹೋಗುವುದಿಲ್ಲ, ನೀರಿನಲ್ಲಿ ಮೀನು ಬಳುಕಿದಂತೆ ಬಳುಕಿಕೊಂಡು ಹೊರಡುತ್ತದೆ. ಆ ಬಳುಕು ಬಿಲ್ಲಿನ ಬಲಕ್ಕೆ ಹೊಂದಬೇಕು. ತೂಕವೂ ಅಷ್ಟೇ. ಹೆಚ್ಚು ಭಾರವಾದರೆ ಬಾಣ ಬೇಗ ಕೆಳಗಿಳಿಯುತ್ತದೆ. ತೀರಾ ಹಗುರವಾದರೆ ಬಿಲ್ಲಿನ ಶಕ್ತಿಯನ್ನು ಬಾಣ ಹೊತ್ತೊಯ್ಯಲಾರದು. ಉಳಿದ ಶಕ್ತಿ ಬಿಲ್ಲಿಗೇ ಹೊಡೆದು ಅದು ಸೀಳಲೂಬಹುದು. ಎಳೆತದ ಪ್ರತಿ ಪೌಂಡ್‌ಗೆ ಕನಿಷ್ಠ 5 ಗ್ರೇನ್ ತೂಕವಿರಲಿ ಎನ್ನುವುದು ರೂಢಿಯ ಲೆಕ್ಕ. ಅಂದರೆ ನನ್ನ 40 ಪೌಂಡ್ ಬಿಲ್ಲಿಗೆ 200 ಗ್ರೇನ್, ಸುಮಾರು 13 ಗ್ರಾಂಗಿಂತ ಹಗುರವಾದ ಬಾಣ ಹೂಡಲೇಬಾರದು.

ಕೈ ತಪ್ಪಿಲ್ಲ ಎಂದು ಗೊತ್ತಾಗಿ ಸಮಾಧಾನವಾಯಿತು. ಜೊತೆಗೇ ಒಂದು ಕುತೂಹಲವೂ ಹುಟ್ಟಿತು. ಬಾಣವನ್ನು ಹೀಗೆ ಆಳು ನೋಡಿ, ಬಿಲ್ಲು ನೋಡಿ ಆರಿಸಬೇಕು ಎಂದು ಹಿಂದಿನವರು ಎಲ್ಲಾದರೂ ಬರೆದಿಟ್ಟಿದ್ದಾರೆಯೇ? ಹುಡುಕುತ್ತಾ ಹೋದಾಗ ಸಿಕ್ಕವನು ರೋಜರ್ ಆಸ್ಕಮ್. ಇಂಗ್ಲೆಂಡಿನ ರಾಣಿ ಮೊದಲನೇ ಎಲಿಜಬೆತ್‌ಗೆ ಪಾಠ ಹೇಳಿದ ಮೇಷ್ಟ್ರು ಎಂದು ಚರಿತ್ರೆ ಓದಿದವರಿಗೆ ಗೊತ್ತು. ಇಂಗ್ಲಿಷಿನಲ್ಲಿ ಬಿಲ್ವಿದ್ಯೆಯ ಮೊದಲ ಪುಸ್ತಕ ಬರೆದವನೂ ಅವನೇ. ಅವನ ಬದುಕನ್ನು ಓದುತ್ತಾ ಹೋದಂತೆ ಬಾಣದ ಜೊತೆ ಮನೆಯಲ್ಲಿ ನಾನು ಮಾಡುತ್ತಿದ್ದ ಇನ್ನೊಂದು ತಪ್ಪೂ ನೆನಪಾಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ಮೈದಾನಕ್ಕೆ ಜೊತೆಗೆ ಬಂದ ಯಜಮಾನ

ಆಸ್ಕಮ್ ಹುಟ್ಟಿದ್ದು 1515ರ ಸುಮಾರಿಗೆ, ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಕರ್ಬಿ ವಿಸ್ಕ್ ಎಂಬ ಹಳ್ಳಿಯಲ್ಲಿ. ತಂದೆ ಜಾನ್ ಆಸ್ಕಮ್ ಒಬ್ಬ ಜಮೀನುದಾರ ಪ್ರಭುವಿನ ಮನೆಯಲ್ಲಿ ಪಾರುಪತ್ಯದ ಕೆಲಸದಲ್ಲಿದ್ದ. ಹೇಳಿಕೊಳ್ಳುವಂಥ ಆಸ್ತಿ ಇರಲಿಲ್ಲ. ಆ ಕಾಲದಲ್ಲಿ ಚುರುಕಿನ ಹುಡುಗರನ್ನು ಶ್ರೀಮಂತರು ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸುವ ಪದ್ಧತಿಯಿತ್ತು. ಹಾಗೆ ರೋಜರ್ ಸೇರಿದ್ದು ಸರ್ ಹಂಫ್ರಿ ವಿಂಗ್‌ಫೀಲ್ಡ್ ಎಂಬ ವಕೀಲನ ಮನೆ.

ವಿಂಗ್‌ಫೀಲ್ಡ್ ಹುಡುಗರನ್ನು ಬರೀ ಪುಸ್ತಕದ ಮುಂದೆ ಕೂರಿಸುವವನಾಗಿರಲಿಲ್ಲ. ಲಂಡನ್ನಿಗೆ ಹೋದಾಗ ಅವರಿಗೆಂದು ಬಿಲ್ಲು ಬಾಣ ತರುತ್ತಿದ್ದ. ಆಟದ ಹೊತ್ತಿಗೆ ತಾನೂ ಅವರ ಜೊತೆ ಹೊಲಕ್ಕೆ ಹೋಗಿ ನಿಂತು ನೋಡುತ್ತಿದ್ದ. ಯಾರು ಅಂದವಾಗಿ ಬಾಣ ಬಿಡುತ್ತಾರೋ ಅವರಿಗೆ ಎಲ್ಲಕ್ಕಿಂತ ಒಳ್ಳೆಯ ಬಿಲ್ಲು ಬಾಣ. ಅಡ್ಡಾದಿಡ್ಡಿ ಬಿಟ್ಟವನಿಗೆ ಅವನು ತಿದ್ದಿಕೊಳ್ಳುವ ತನಕ ಎಲ್ಲರ ತಮಾಷೆ. ದೊಡ್ಡವನಾದ ಮೇಲೂ ಆಸ್ಕಮ್ ಈ ಯಜಮಾನನನ್ನು ಮರೆಯಲಿಲ್ಲ. ತನಗೆ ಬಿಲ್ಲು ಮತ್ತು ಪುಸ್ತಕ ಎರಡರ ರುಚಿಯನ್ನೂ ಹತ್ತಿಸಿದವನು ಅವನೇ ಎಂದು ಕೃತಜ್ಞತೆಯಿಂದ ಬರೆದಿಟ್ಟ.

ಆಗಿನ ಇಂಗ್ಲೆಂಡಿನಲ್ಲಿ ಬಿಲ್ಲು ಬರೀ ಆಟದ ಸಾಮಾನಲ್ಲ. ಬಂದೂಕು ಬಂದಿದ್ದರೂ ದೇಶದ ರಕ್ಷಣೆ ಇನ್ನೂ ಉದ್ದ ಬಿಲ್ಲಿನ ಮೇಲೆಯೇ ನಿಂತಿದೆ ಎಂದು ಜನ ನಂಬಿದ್ದರು. ರಾಜ ಎಂಟನೇ ಹೆನ್ರಿ 1541ರಲ್ಲಿ ಒಂದು ಕಾನೂನನ್ನೇ ತಂದ. 60 ವರ್ಷದೊಳಗಿನ ಗಂಡಸರೆಲ್ಲ ಬಿಲ್ವಿದ್ಯೆ ಅಭ್ಯಾಸ ಮಾಡಬೇಕು. ಮನೆಯಲ್ಲಿ 7ರಿಂದ 17 ವರ್ಷದ ಹುಡುಗನಿದ್ದರೆ ತಂದೆ ಅವನಿಗೊಂದು ಬಿಲ್ಲು, ಎರಡು ಬಾಣ ಒದಗಿಸಬೇಕು. ಕಾನೂನೇನೋ ಬಂತು. ಆದರೆ ಬಿಲ್ಲನ್ನು ಹೇಗೆ ಹಿಡಿಯಬೇಕು, ಬಾಣವನ್ನು ಹೇಗೆ ಆರಿಸಬೇಕು ಎಂದು ಜನರ ಮಾತಿನಲ್ಲಿ ಹೇಳುವ ಪುಸ್ತಕ ಒಂದೂ ಇರಲಿಲ್ಲ.

ಕಾಯಿಲೆಯ ಹುಡುಗ, ಬಿಲ್ಲಿನ ಗೆಳೆಯ

1530ರಲ್ಲಿ, ಸುಮಾರು 15ನೇ ವಯಸ್ಸಿನಲ್ಲಿ ಆಸ್ಕಮ್ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜು ಸೇರಿದ. ಅಲ್ಲಿ ಜಾನ್ ಚೀಕ್ ಎಂಬ ವಿದ್ವಾಂಸನ ಸಹವಾಸದಿಂದ ಗ್ರೀಕ್ ಭಾಷೆಯ ಹುಚ್ಚು ಹಿಡಿಯಿತು. ತಾನು ಕಲಿಯುತ್ತಿರುವಾಗಲೇ ತನಗಿಂತ ಚಿಕ್ಕವರಿಗೆ ಕಲಿಸತೊಡಗಿದ. ಕಲಿಸಿದರೆ ಇನ್ನೂ ಗಟ್ಟಿಯಾಗಿ ಕಲಿಯಬಹುದು ಎನ್ನುವ ಗುಟ್ಟು ಅವನಿಗೆ ಆಗಲೇ ಸಿಕ್ಕಿತ್ತು. 1534ರಲ್ಲಿ ಪದವಿ ಪಡೆದ. ಕೆಲವೇ ವರ್ಷಗಳಲ್ಲಿ ಅದೇ ಕಾಲೇಜಿನಲ್ಲಿ ಗ್ರೀಕ್ ಪಾಠ ಹೇಳುವವನಾದ. ಅವನ ಕೈಬರಹವೂ ಮುತ್ತು ಪೋಣಿಸಿದಂತಿತ್ತು. ವಿಶ್ವವಿದ್ಯಾಲಯದ ಪರವಾಗಿ ದೊಡ್ಡವರಿಗೆ ಕಾಗದ ಬರೆಯಬೇಕಾದರೆ ಅವನನ್ನೇ ಕರೆಯುತ್ತಿದ್ದರು.

ಆದರೆ ದೇಹ ಮಾತ್ರ ಗಟ್ಟಿಯಿರಲಿಲ್ಲ. ಬಿಟ್ಟು ಬಿಟ್ಟು ಬರುವ ಜ್ವರದಿಂದ ತಿಂಗಳುಗಟ್ಟಲೆ ನರಳಿದ. ದಿನವಿಡೀ ಬಗ್ಗಿ ಕೂತು ಓದುವವನಿಗೆ ಬಯಲಿಗೆ ಹೋಗಿ ಎದೆ ಅರಳಿಸಿ ಹೆದೆ ಎಳೆಯುವುದೇ ಔಷಧವಾಯಿತು. ಕೇಂಬ್ರಿಜ್‌ನ ಕೆಲವರಿಗೆ ಇದು ಹಿಡಿಸಲಿಲ್ಲ. ಓದುವ ಮನುಷ್ಯ ಬಿಲ್ಲು ಹಿಡಿದು ಹೊತ್ತು ಕಳೆಯುತ್ತಾನೆ ಎಂದು ಆಡಿಕೊಂಡರು. ಇದಕ್ಕೆ ಆಸ್ಕಮ್ ಕೊಟ್ಟ ಉತ್ತರವೇ 1545ರಲ್ಲಿ ಅಚ್ಚಾದ ಟಾಕ್ಸಾಫಿಲಸ್ ಎಂಬ ಪುಸ್ತಕ. ಹೆಸರಿನ ಅರ್ಥ ಬಿಲ್ಲಿನ ಪ್ರೇಮಿ ಎಂದು. ಬಿಲ್ಲನ್ನು ಪ್ರೀತಿಸುವ ಒಬ್ಬ, ಓದನ್ನು ಪ್ರೀತಿಸುವ ಇನ್ನೊಬ್ಬ ಹೊಲದ ಬದಿಯಲ್ಲಿ ಕೂತು ಮಾತಾಡಿಕೊಳ್ಳುವಂತೆ ಅದನ್ನು ಬರೆದಿದ್ದಾನೆ. ಮೊದಲ ಭಾಗದಲ್ಲಿ ಬಿಲ್ವಿದ್ಯೆ ಏಕೆ ಬೇಕು ಎಂಬ ವಾದ, ಎರಡನೆಯದರಲ್ಲಿ ಅದನ್ನು ಕಲಿಯುವುದು ಹೇಗೆ ಎಂಬ ಪಾಠ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಆಗ ವಿದ್ವಾಂಸರು ಬರೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. ಇಂಗ್ಲಿಷ್ ಎಂದರೆ ಸಂತೆಯ ಮಾತು, ಅಡುಗೆಮನೆಯ ಮಾತು. ಆಸ್ಕಮ್‌ಗೆ ಲ್ಯಾಟಿನ್ ನೀರು ಕುಡಿದಷ್ಟು ಸಲೀಸು. ಅದರಲ್ಲಿ ಬರೆದಿದ್ದರೆ ಹೆಸರೂ ಹೆಚ್ಚು ಬರುತ್ತಿತ್ತು. ಆದರೆ ಬಿಲ್ಲು ಹಿಡಿಯುವವರು ರೈತರು, ಸೈನಿಕರು, ಸಾಮಾನ್ಯ ಮನೆಯ ಹುಡುಗರು. ಅವರಿಗೆ ಬೇಕಾದದ್ದನ್ನು ಅವರ ಭಾಷೆಯಲ್ಲೇ ಹೇಳಬೇಕು ಎಂದು ತೀರ್ಮಾನಿಸಿ ಇಂಗ್ಲಿಷಿನಲ್ಲೇ ಬರೆದ. ಪುಸ್ತಕವನ್ನು ಗ್ರೀನಿಚ್ ಅರಮನೆಯಲ್ಲಿ ರಾಜನ ಕೈಗೊಪ್ಪಿಸಿದ. ಹೆನ್ರಿಗೆ ಖುಷಿಯಾಗಿ ವರ್ಷಕ್ಕೆ 10 ಪೌಂಡ್ ಪಿಂಚಣಿ ಗೊತ್ತುಮಾಡಿದ.

ಹದಿನೈದು ಮರಗಳ ಲೆಕ್ಕ

ಪುಸ್ತಕದಲ್ಲಿ ಬಾಣದ ಬಗ್ಗೆ ಇರುವ ಭಾಗ ನೋಡಿದರೆ ಕಾರ್ಬನ್ ಬಾಣ, ಕಾಂಪೌಂಡ್ ಬಿಲ್ಲು ಹಿಡಿದವರೂ ತಲೆದೂಗಬೇಕು. ಬಾಣಕ್ಕೆ ಮೂರು ಅಂಗ. ಕಡ್ಡಿ, ಗರಿ, ಮೊನೆ. ಕಡ್ಡಿಗೆ ಬಳಸುವ 15 ಬಗೆಯ ಮರಗಳನ್ನು ಆಸ್ಕಮ್ ಹೆಸರಿಸುತ್ತಾನೆ. ಆಮೇಲೆ ಅವನ್ನು ಮೂರು ಗುಂಪು ಮಾಡುತ್ತಾನೆ. ಬ್ರೆಜಿಲ್ ಮರದಂಥ ಭಾರದ ಮರಗಳದು ಒಂದು ಗುಂಪು. ಅವುಗಳಿಂದ ಮಾಡಿದ ಬಾಣ ಜೀವವಿಲ್ಲದಂತೆ ಕುಂಟುತ್ತಾ ಹೋಗುತ್ತದೆ. ಆಸ್ಪೆನ್, ವಿಲ್ಲೊ, ಬೀಚ್‌ನಂಥವು ಇನ್ನೊಂದು ಗುಂಪು. ಹಗುರವೋ ಬಲ ಕಡಿಮೆಯೋ ಆಗಿ ಅವುಗಳ ಬಾಣ ನಡುಗುತ್ತಾ ದಿಕ್ಕು ತಪ್ಪಿ ಓಡುತ್ತದೆ. ಮೂರನೆಯದು ಬರ್ಚ್, ಹಾರ್ನ್‌ಬೀಮ್, ಕೆಲವು ಓಕ್, ಕೆಲವು ಆ್ಯಶ್ ಮರಗಳ ಗುಂಪು. ಬಿಲ್ಲಿನ ಹೊಡೆತ ತಾಳುವಷ್ಟು ಬಲ, ದೂರ ಹಾರುವಷ್ಟು ಹಗುರ, ಎರಡೂ ಅವುಗಳಲ್ಲಿವೆ.

ಇಂದು ನಾವು ಸ್ಪೈನ್, ಗ್ರೇನ್ ಎಂದು ಅಳೆಯುವ ಎರಡು ಗುಣಗಳು ಇವೇ ಅಲ್ಲವೇ? ಅವನ ಬಳಿ ತೂಗುಬಿಡಲು ಅಳತೆಯ ತೂಕವಿರಲಿಲ್ಲ, ಸಂಖ್ಯೆಯ ಪಟ್ಟಿಯೂ ಇರಲಿಲ್ಲ. ಇದ್ದದ್ದು ನೋಡುವ ಕಣ್ಣು, ಅಷ್ಟೇ.

ಮೂರನೇ ಗುಂಪೇ ಒಳ್ಳೆಯದು, ಉಳಿದದ್ದು ಬಿಸಾಡಿ ಎಂದೂ ಅವನು ಹೇಳುವುದಿಲ್ಲ. ಕೆಲವರ ಎಳೆತ ಎಷ್ಟು ಜೋರು ಎಂದರೆ ಅವರಿಗೆ ಭಾರದ ಮರವೂ ಹಗುರವೇ. ಕೆಲವರ ತೋಳು ಎಷ್ಟು ಮೆದು ಎಂದರೆ ಅವರಿಗೆ ಹಗುರ ಮರವೇ ಸಾಕು. ಬಹುಪಾಲು ಜನರಿಗೆ ಮಾತ್ರ ನಡುವಿನದು ಸರಿ ಎನ್ನುವುದು ಅವನ ಮಾತಿನ ಸಾರ. ಕಡ್ಡಿಯ ಆಕಾರದಲ್ಲೂ ಇದೇ ವಿವೇಕ. ನೇರವಾಗಿ ಮುಂದಕ್ಕೆ ಜೋರಿನಿಂದ ಬಿಡುವವನ ಬಾಣಕ್ಕೆ ಮುಂಭಾಗ ದಪ್ಪಗಿರಬೇಕು, ಇಲ್ಲದಿದ್ದರೆ ಬಿಲ್ಲಿನ ರಭಸವನ್ನು ಅದು ತಡೆಯಲಾರದು. ಕೈ ತಗ್ಗಿಸಿ ಬಿಡುವವನ ಬಾಣಕ್ಕೆ ಮುಂಭಾಗ ಸಣ್ಣಗಿರಬೇಕು, ಆಗ ಅದು ಬಿಲ್ಲಿನಿಂದ ಸಲೀಸಾಗಿ ಜಾರುತ್ತದೆ. ಪದಕ ಗೆದ್ದ ಬಾಣ ಎಂದು ಹಿಗ್ಗಿ ತಂದ ನನಗೆ ಇದನ್ನು ಓದಿದಾಗ ನಗು ಬಂತು.

ಗರಿಯ ವಿಷಯಕ್ಕೆ ಬಂದರೆ ಅವನಿಗೆ ಹೆಬ್ಬಾತಿನ ಗರಿಯೇ ಮೇಲು. ನವಿಲುಗರಿ ನೋಡಲು ಚೆಂದ, ಆದರೆ ಬಾಣವನ್ನು ಸಮನಾಗಿ ಹಿಡಿದು ನಡೆಸುವುದು ಅಪರೂಪ ಎಂದು ಅದನ್ನು ಪಕ್ಕಕ್ಕಿಡುತ್ತಾನೆ. ಹೆಬ್ಬಾತಿನಲ್ಲೂ ವಯಸ್ಸು ನೋಡಬೇಕು. ಮುದಿ ಹೆಬ್ಬಾತಿನ ಗಡುಸು ಗರಿ ಭಾರದ ಬಾಣಕ್ಕೆ, ಎಳೆಯದರ ನಯವಾದ ಗರಿ ಚುರುಕು ಬಾಣಕ್ಕೆ. ಒಂದು ಬಾಣಕ್ಕೆ ಅಂಟಿಸುವ ಗರಿಗಳೆಲ್ಲ ಒಂದೇ ಬದಿಯ ರೆಕ್ಕೆಯವಾಗಿರಬೇಕು.

ಸೈನ್ಯದ ಬಾಣಗಳ ಬಗ್ಗೆ ಅವನಿಗೊಂದು ತಕರಾರಿತ್ತು. ಆಗ ಯುದ್ಧಕ್ಕೆ ಆಸ್ಪೆನ್ ಮರದ ಬಾಣಗಳನ್ನೇ ಹೆಚ್ಚಾಗಿ ಮಾಡುತ್ತಿದ್ದರು. ಅದರ ಬದಲು ತೂಕವಾಗಿ ಬಂದು ಬಡಿಯುವ ಆ್ಯಶ್ ಮರ ಬಳಸಿ ಎಂದು ಆಸ್ಕಮ್ ವಾದಿಸಿದ. ಅವನ ಪುಸ್ತಕ ಬಂದ 1545ರಲ್ಲೇ, ಜುಲೈ 19ರಂದು, ಹೆನ್ರಿಯ ಯುದ್ಧನೌಕೆ ಮೇರಿ ರೋಸ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಮುಳುಗಿತು. 1982ರಲ್ಲಿ ಅದನ್ನು ಸಮುದ್ರದಿಂದ ಮೇಲೆತ್ತಿದರು. ಅದರೊಳಗೆ ಸಿಕ್ಕ ಸುಮಾರು 3,500 ಬಾಣಗಳಲ್ಲಿ ಹೆಚ್ಚಿನವು ಆಸ್ಪೆನ್ ಸೇರಿದ ಪಾಪ್ಲರ್ ಜಾತಿಯ ಮರದವು. ಮೇಷ್ಟ್ರು ಕಣ್ಣಾರೆ ಕಂಡದ್ದನ್ನೇ ಬರೆದಿದ್ದ ಎನ್ನುವುದಕ್ಕೆ 400 ವರ್ಷಗಳಾಚೆ ಸಮುದ್ರವೇ ಸಾಕ್ಷಿ ಹೇಳಿತು.

ಅವನ ಕಣ್ಣು ಎಂಥದು ಎಂದು ತಿಳಿಯಲು ಇನ್ನೊಂದು ಸಂಗತಿ ಸಾಕು. ಒಮ್ಮೆ ಚಳಿಗಾಲದಲ್ಲಿ ಯಾರ್ಕ್‌ಶೈರ್‌ನ ಟಾಪ್‌ಕ್ಲಿಫ್‌ನಿಂದ ಬರೋಬ್ರಿಜ್ ಕಡೆಗೆ ಕುದುರೆಯ ಮೇಲೆ ಹೋಗುತ್ತಿದ್ದ. ಎರಡೂ ಕಡೆಯ ಹೊಲಗಳಲ್ಲಿ ಹಿಮ ಬಿದ್ದು ಹೆಪ್ಪುಗಟ್ಟಿತ್ತು. ಬಿಸಿಲು ಚೆನ್ನಾಗಿತ್ತು, ಗಾಳಿ ಬೀಸುತ್ತಿತ್ತು. ಮೇಲಿನ ಸಡಿಲ ಹಿಮದ ಪುಡಿ ಗಾಳಿಯ ಜೊತೆ ಓಡುತ್ತಿತ್ತು. ಬೇರೆಯವರಾಗಿದ್ದರೆ ಕಂಬಳಿ ಹೊದ್ದು ಮುಂದೆ ಹೋಗುತ್ತಿದ್ದರು. ಆಸ್ಕಮ್ ನೋಡುತ್ತಲೇ ಹೋದ. ಗಾಳಿ ಹೊಲದ ತುಂಬ ಒಂದೇ ಸಮನೆ ಬೀಸುವುದಿಲ್ಲ, ಒಂದು ಪಟ್ಟಿಯಲ್ಲಿ ಜೋರು, ಪಕ್ಕದ ಪಟ್ಟಿಯಲ್ಲಿ ನಿಧಾನ, ಕೆಲವೊಮ್ಮೆ ನಿಂತು ಮತ್ತೆ ತಿರುಗುತ್ತದೆ ಎಂದು ಅವನಿಗೆ ಕಂಡಿತು. ಕಣ್ಣಿಗೆ ಕಾಣದ ಗಾಳಿಯನ್ನು ಹಿಮದಲ್ಲಿ ಕಂಡು, ಬಾಣ ಬಿಡುವವರು ತಿಳಿದಿರಲಿ ಎಂದು ಪುಸ್ತಕಕ್ಕೆ ಸೇರಿಸಿದ.

ರಾಜಕುಮಾರಿಯ ಪಾಠ

1548ರಲ್ಲಿ ರಾಜಕುಮಾರಿ ಎಲಿಜಬೆತ್‌ಗೆ ಪಾಠ ಹೇಳುತ್ತಿದ್ದ ವಿಲಿಯಂ ಗ್ರಿಂಡಲ್ ತೀರಿಕೊಂಡ. ಅವನು ಆಸ್ಕಮ್‌ನ ಶಿಷ್ಯನೇ. ಆ ಜಾಗಕ್ಕೆ ಆಸ್ಕಮ್ ಬಂದ. ಎಲಿಜಬೆತ್‌ಗೆ ಆಗ 14 ವರ್ಷ. ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡ, ಮುಂದೆ ರಾಣಿಯಾಗುತ್ತಾಳೆಂದು ಯಾರೂ ಖಚಿತವಾಗಿ ಹೇಳಲಾರದ ಹುಡುಗಿ. ಬೆಳಿಗ್ಗೆ ಗ್ರೀಕ್, ಮಧ್ಯಾಹ್ನ ಲ್ಯಾಟಿನ್. ಆಸ್ಕಮ್‌ನ ವಿಧಾನ ಸರಳ. ಲ್ಯಾಟಿನ್ ಭಾಗವೊಂದನ್ನು ಇಂಗ್ಲಿಷಿಗೆ ತಿರುಗಿಸುವುದು. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಆ ಇಂಗ್ಲಿಷನ್ನು ಮತ್ತೆ ಲ್ಯಾಟಿನ್ನಿಗೆ ತರುವುದು. ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಎಲ್ಲಿ ತಪ್ಪಿತು ಎಂದು ಶಿಷ್ಯೆಯೇ ಕಂಡುಕೊಳ್ಳುವುದು. ಬಾಯಿಪಾಠವಿಲ್ಲ, ಬೆತ್ತವಿಲ್ಲ.

ಇದಕ್ಕೂ ಮೊದಲು, ಎಲಿಜಬೆತ್‌ಳನ್ನು ನೋಡಿಕೊಳ್ಳುತ್ತಿದ್ದ ಕ್ಯಾಟ್ ಆ್ಯಶ್ಲಿ ಎಂಬಾಕೆಗೆ ಅವನೊಂದು ಕಾಗದ ಬರೆದಿದ್ದ. ಹುಡುಗಿಯ ಚುರುಕು ನೋಡಿ ಒಂದೇ ಸಲಕ್ಕೆ ಎಲ್ಲವನ್ನೂ ತುಂಬಬೇಡಿ, ಲೋಟಕ್ಕೆ ದಬದಬ ಸುರಿದರೆ ಬಹುಪಾಲು ಚೆಲ್ಲಿಹೋಗುತ್ತದೆ, ನಿಧಾನಕ್ಕೆ ಹುಯ್ದರೆ ಕಂಠದವರೆಗೂ ತುಂಬುತ್ತದೆ ಎನ್ನುವುದು ಅದರ ತಾತ್ಪರ್ಯ. ಬಾಣದ ವಿಷಯದಲ್ಲಿ ಎಳೆತದ ಬಲ ನೋಡಿದವನು, ಪಾಠದ ವಿಷಯದಲ್ಲಿ ಮಗುವಿನ ಅಳವು ನೋಡಿದ.

ಸುಮಾರು ಎರಡು ವರ್ಷದ ನಂತರ, ಮನೆಯ ಆಡಳಿತದವರ ಜೊತೆ ಮನಸ್ತಾಪವಾಗಿ ಆಸ್ಕಮ್ ಆ ಕೆಲಸ ಬಿಟ್ಟ. 1550ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಆಸ್ಥಾನಕ್ಕೆ ಹೊರಟ ರಾಯಭಾರಿಯ ಕಾರ್ಯದರ್ಶಿಯಾಗಿ ಜರ್ಮನಿ ಕಡೆಗೆ ಪಯಣ ಬೆಳೆಸಿದ. ಹೊರಡುವ ಮುನ್ನ ಬ್ರ್ಯಾಡ್‌ಗೇಟ್ ಎಂಬಲ್ಲಿ ಲೇಡಿ ಜೇನ್ ಗ್ರೇ ಎಂಬ ಹುಡುಗಿಯನ್ನು ನೋಡಲು ಹೋದ. ಮನೆಮಂದಿಯೆಲ್ಲ ಬೇಟೆಗೆ ಹೋಗಿದ್ದರು. ಹದಿಮೂರೋ ಹದಿನಾಲ್ಕೋ ವರ್ಷದ ಜೇನ್ ಒಬ್ಬಳೇ ಕೂತು ಗ್ರೀಕ್‌ನಲ್ಲಿ ಪ್ಲೇಟೋನ ಪುಸ್ತಕ ಓದುತ್ತಿದ್ದಳು. ಬೇಟೆಗೆ ಏಕೆ ಹೋಗಲಿಲ್ಲ ಎಂದು ಕೇಳಿದಾಗ ಆಕೆ ಮನಸ್ಸು ಬಿಚ್ಚಿದಳು. ಅಪ್ಪ ಅಮ್ಮನ ಮುಂದೆ ಕೂತರೂ ತಪ್ಪು, ನಿಂತರೂ ತಪ್ಪು. ಬೈಗುಳ, ಚಿವುಟು, ಏಟು. ಮೇಷ್ಟ್ರು ಏಲ್ಮರ್ ಮಾತ್ರ ಪ್ರೀತಿಯಿಂದ ಕಲಿಸುತ್ತಾರೆ, ಅವರ ಜೊತೆ ಇರುವಷ್ಟು ಹೊತ್ತು ಬೇರೇನೂ ನೆನಪಾಗುವುದಿಲ್ಲ, ಪಾಠ ಮುಗಿದಾಗ ಅಳು ಬರುತ್ತದೆ ಎಂದಳು. ಆಸ್ಕಮ್ ಅವಳನ್ನು ಮತ್ತೆ ನೋಡಲಿಲ್ಲ. ರಾಜಕೀಯದ ಸುಳಿಯಲ್ಲಿ ಸಿಕ್ಕು ಒಂಬತ್ತು ದಿನ ರಾಣಿಯಾಗಿದ್ದ ಆ ಹುಡುಗಿಯ ತಲೆಯನ್ನು 1554ರ ಫೆಬ್ರುವರಿಯಲ್ಲಿ ಕಡಿದರು. ಆ ಭೇಟಿ ಅವನ ಮನಸ್ಸಿನಿಂದ ಕೊನೆಯವರೆಗೂ ಮಾಸಲಿಲ್ಲ.

ಓಡಿಹೋದ ಹುಡುಗರು

ಆಸ್ಕಮ್ ವಾಪಸು ಬಂದಾಗ ಇಂಗ್ಲೆಂಡು ತಲೆಕೆಳಗಾಗಿತ್ತು. ರಾಜರು ಬದಲಾದಂತೆ ಧರ್ಮವೂ ಬದಲಾಗುತ್ತಿದ್ದ ಕಾಲ. ಎಷ್ಟೋ ಜನ ದೇಶ ಬಿಟ್ಟರು, ಎಷ್ಟೋ ಜನ ಪ್ರಾಣ ಬಿಟ್ಟರು. ಪ್ರಾಟೆಸ್ಟಂಟ್ ಆಗಿದ್ದ ಆಸ್ಕಮ್ ಕ್ಯಾಥೊಲಿಕ್ ರಾಣಿ ಮೇರಿಯ ಲ್ಯಾಟಿನ್ ಕಾರ್ಯದರ್ಶಿಯಾಗಿ ಕಾಗದ ಬರೆಯುತ್ತಾ ಉಳಿದುಕೊಂಡ. 1554ರಲ್ಲಿ ಮಾರ್ಗರೆಟ್ ಹೋವ್‌ಳನ್ನು ಮದುವೆಯಾದ. 1558ರಲ್ಲಿ ಎಲಿಜಬೆತ್ ಪಟ್ಟಕ್ಕೆ ಬಂದಾಗ ಅವನ ಕೆಲಸ ಮುಂದುವರಿಯಿತು. ರಾಜ್ಯದ ತಲೆನೋವುಗಳ ನಡುವೆಯೂ ರಾಣಿ ಬಿಡುವು ಮಾಡಿಕೊಂಡು ತನ್ನ ಹಳೆಯ ಮೇಷ್ಟ್ರ ಜೊತೆ ಗ್ರೀಕ್ ಓದುತ್ತಿದ್ದಳು.

1563ರ ಡಿಸೆಂಬರ್. ಲಂಡನ್ನಿನಲ್ಲಿ ಪ್ಲೇಗ್ ಇದ್ದದ್ದರಿಂದ ಆಸ್ಥಾನ ವಿಂಡ್ಸರ್ ಕೋಟೆಗೆ ಬಂದಿತ್ತು. ರಾಣಿಯ ಮುಖ್ಯ ಸಲಹೆಗಾರ ವಿಲಿಯಂ ಸೆಸಿಲ್‌ನ ಕೊಠಡಿಯಲ್ಲಿ ಊಟಕ್ಕೆ ಕೂತಾಗ ಒಂದು ಸುದ್ದಿ ಬಂತು. ಪಕ್ಕದ ಈಟನ್ ಶಾಲೆಯ ಕೆಲವು ಹುಡುಗರು ಏಟಿನ ಭಯಕ್ಕೆ ಓಡಿಹೋಗಿದ್ದರು. ಊಟದ ಮೇಜಿನಲ್ಲಿ ಚರ್ಚೆ ಎದ್ದಿತು. ಬೆತ್ತವಿಲ್ಲದೆ ವಿದ್ಯೆ ಹತ್ತುವುದಿಲ್ಲ ಎಂದು ಕೆಲವರು. ಭಯದಿಂದ ಓಡಿಸಬಹುದೇ ಹೊರತು ಕಲಿಸಲಾಗುವುದಿಲ್ಲ ಎಂದು ಆಸ್ಕಮ್.

ಊಟ ಮುಗಿದ ಮೇಲೆ ಸರ್ ರಿಚರ್ಡ್ ಸ್ಯಾಕ್‌ವಿಲ್ ಎಂಬ ಹಿರಿಯ ಅಧಿಕಾರಿ ಆಸ್ಕಮ್‌ನನ್ನು ಪಕ್ಕಕ್ಕೆ ಕರೆದ. ತನಗೆ 14 ತುಂಬುವ ಮೊದಲೇ ಒಬ್ಬ ಮೇಷ್ಟ್ರು ಹೊಡೆದೂ ಹೊಡೆದೂ ಓದಿನ ಮೇಲಿನ ಪ್ರೀತಿಯನ್ನೇ ಕೊಂದುಬಿಟ್ಟ, ಇಷ್ಟು ದೊಡ್ಡ ಹುದ್ದೆಗೆ ಬಂದರೂ ಆ ನಷ್ಟ ತುಂಬಲಿಲ್ಲ ಎಂದು ನೋವು ತೋಡಿಕೊಂಡ. ತನ್ನ ಮೊಮ್ಮಗನಿಗಾದರೂ ಹಾಗಾಗದಿರಲಿ, ಮಕ್ಕಳಿಗೆ ಕಲಿಸುವುದು ಹೇಗೆ ಎಂದು ಬರೆದುಕೊಡು ಎಂದು ಬೇಡಿದ.

ಹಾಗೆ ಶುರುವಾದದ್ದು ದಿ ಸ್ಕೂಲ್‌ಮಾಸ್ಟರ್ ಎಂಬ ಪುಸ್ತಕ. ಅದರಲ್ಲಿ ಆಸ್ಕಮ್ ಮತ್ತೆ ಮರದ ಹತ್ತಿರವೇ ಬರುತ್ತಾನೆ. ತಟ್ಟನೆ ಗ್ರಹಿಸುವ ಮಕ್ಕಳನ್ನು ಎಲ್ಲರೂ ಹೊಗಳುತ್ತಾರೆ, ನಿಧಾನದವರಿಗೆ ಏಟು ಬೀಳುತ್ತದೆ. ಆದರೆ ಅತಿ ಹರಿತವಾದ ಕತ್ತಿಯ ಬಾಯಿ ಬೇಗ ಮಡಚಿಕೊಳ್ಳುತ್ತದೆ. ಗಟ್ಟಿ ಮರದಲ್ಲಿ ಕೆತ್ತುವುದು ಕಷ್ಟ, ಕೆತ್ತಿದ್ದು ಮಾತ್ರ ಅಳಿಸುವುದಿಲ್ಲ. ನಿಧಾನಕ್ಕೆ ಕಲಿಯುವ ಹುಡುಗನೂ ಹಾಗೆಯೇ. ಅವನು ಹಿಡಿದದ್ದನ್ನು ಬಿಡುವುದಿಲ್ಲ, ದುಡಿಮೆಗೆ ದಣಿಯುವುದಿಲ್ಲ. ಮೇಷ್ಟ್ರಾದವನು ಸಿಟ್ಟಾಗುವ ಮೊದಲು ಮುಂದಿರುವ ಮರ ಯಾವುದು ಎಂದು ನೋಡಬೇಕು.

ಆಸ್ಕಮ್‌ನಲ್ಲಿ ದೌರ್ಬಲ್ಯವೂ ಇತ್ತು. ಟಾಕ್ಸಾಫಿಲಸ್‌ನಲ್ಲಿ ಪಗಡೆ ದಾಳ, ಇಸ್ಪೀಟುಗಳನ್ನು ಕಟುವಾಗಿ ಬೈದವನು ತಾನೇ ದಾಳದಾಟಕ್ಕೂ ಕೋಳಿ ಅಂಕಕ್ಕೂ ಬಿದ್ದು ಬಡವನಾಗಿಯೇ ಸತ್ತ ಎಂದು ಇತಿಹಾಸಕಾರ ಕ್ಯಾಮ್ಡನ್ ಬರೆದಿದ್ದಾನೆ. ಸಾಲ, ಹೆಂಡತಿ ಮಕ್ಕಳ ಚಿಂತೆ, ಬಿಡದ ಕಾಯಿಲೆ. ಪುಸ್ತಕ ಬರೆಯಿಸಿಕೊಳ್ಳಬೇಕಿದ್ದ ಸ್ಯಾಕ್‌ವಿಲ್ ನಡುವೆಯೇ ತೀರಿಕೊಂಡ. ಆದರೂ ಆಸ್ಕಮ್ ಬರೆಯುತ್ತಾ ಹೋದ. 1568ರ ಕೊನೆಯಲ್ಲಿ, ಹೊಸ ವರ್ಷಕ್ಕೆ ರಾಣಿಗೊಪ್ಪಿಸಲು ಕವಿತೆಯೊಂದನ್ನು ರಾತ್ರಿ ನಿದ್ದೆಗೆಟ್ಟು ಬರೆಯುತ್ತಿದ್ದಾಗ ಜ್ವರ ಏರಿತು. ಡಿಸೆಂಬರ್ 30ರಂದು ಲಂಡನ್ನಿನಲ್ಲಿ ತೀರಿಕೊಂಡ. ವಯಸ್ಸು ಐವತ್ತಮೂರರ ಆಸುಪಾಸು. ದಿ ಸ್ಕೂಲ್‌ಮಾಸ್ಟರ್ ಹಸ್ತಪ್ರತಿಯಲ್ಲೇ ಉಳಿದಿತ್ತು. ಪತ್ನಿ ಮಾರ್ಗರೆಟ್ ಅದನ್ನು 1570ರಲ್ಲಿ ಅಚ್ಚು ಹಾಕಿಸಿದಳು. ಆಕೆ ಮನಸ್ಸು ಮಾಡದಿದ್ದರೆ ನಮಗೆ ಜೇನ್ ಗ್ರೇಯ ಆ ಮಧ್ಯಾಹ್ನವೂ, ಈಟನ್‌ನಿಂದ ಓಡಿಹೋದ ಹುಡುಗರ ಕಥೆಯೂ ಸಿಗುತ್ತಿರಲಿಲ್ಲ.

ಮನೆಯಲ್ಲಿದ್ದ ಇನ್ನೊಂದು ತಪ್ಪು

ಈಗ ನನ್ನ ತಪ್ಪಿನ ವಿಷಯ. ನನ್ನ ತಮ್ಮ ಎಂಟನೇ ತರಗತಿ. ಸಂಜೆ ಅವನಿಗೆ ಲೆಕ್ಕ ಹೇಳಿಕೊಡುವ ಕೆಲಸ ನನ್ನದು. ನನಗೆ ಒಂದೇ ಸಲಕ್ಕೆ ಅರ್ಥವಾಗಿದ್ದು ಅವನಿಗೆ ನಾಲ್ಕು ಸಲ ಹೇಳಿದರೂ ಹತ್ತದಿದ್ದಾಗ ತಲೆಗೆ ಮೊಟಕುತ್ತಿದ್ದೆ. ನಾನು ಮನೆಗೆ ಬರುವ ಹೊತ್ತಿಗೆ ಅವನು ಏನಾದರೂ ನೆಪ ಹೇಳಿ ಅಂಗಡಿಗೋ, ಗೆಳೆಯನ ಮನೆಗೋ ಹೊರಟುಬಿಡುತ್ತಿದ್ದ. ಸೋಮಾರಿ ಎಂದುಕೊಂಡಿದ್ದೆ. ಈಟನ್‌ನ ಹುಡುಗರ ಕಥೆ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

65 ಪೌಂಡ್ ಬಿಲ್ಲಿನ ಬಾಣವನ್ನು 40 ಪೌಂಡ್ ಬಿಲ್ಲಿಗೆ ಹೂಡಿ, ಗುರಿ ತಪ್ಪಿದಾಗ ಕೈಯನ್ನು ಬೈದುಕೊಂಡವನು ನಾನು. ನನ್ನ ವೇಗದ ಪಾಠವನ್ನು ತಮ್ಮನಿಗೆ ಹೂಡಿ, ಅವನನ್ನೇ ಬೈಯುತ್ತಿದ್ದವನೂ ನಾನೇ.

ಸೀನಿಯರ್‌ಗೆ ಅವರ ಬಾಣಗಳನ್ನು ವಾಪಸು ಕೊಟ್ಟೆ. ದುಡ್ಡು ಕೂಡಿಸಿ 500 ಸ್ಪೈನ್‌ನ ಮೂರು ಬಾಣ ಕೊಂಡೆ, ಸದ್ಯಕ್ಕೆ ಅಷ್ಟೇ ಸಾಧ್ಯವಾಗಿದ್ದು. ಈಗ ಮೂರೂ ಒಂದರ ಪಕ್ಕ ಒಂದು ನಾಟುತ್ತವೆ ಎಂದು ಬರೆದರೆ ಸುಳ್ಳಾಗುತ್ತದೆ, ಆದರೆ ಮೊದಲಿನಷ್ಟು ಚದುರುವುದಿಲ್ಲ. ಸಂಜೆಯ ಲೆಕ್ಕದಲ್ಲಿ ಒಂದೇ ಬದಲಾವಣೆ ಮಾಡಿದ್ದೇನೆ. ನಾನು ಬಿಡಿಸಿದ ಲೆಕ್ಕವನ್ನು ತಮ್ಮ ನೋಡುತ್ತಾನೆ. ಪುಸ್ತಕ ಮುಚ್ಚಿ ತಾನೇ ಬಿಡಿಸುತ್ತಾನೆ. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ಎಲ್ಲಿ ತಪ್ಪಿತು ಎಂದು ಅವನೇ ಹುಡುಕುತ್ತಾನೆ. ಹೊತ್ತು ಹಿಡಿಯುತ್ತದೆ, ನಾನು ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.

ನಿನ್ನೆ ನಾನು ಮನೆಗೆ ಹೋದಾಗ ಅವನು ಅಂಗಡಿಗೆ ಹೋಗಿರಲಿಲ್ಲ. ಪುಸ್ತಕ ತೆರೆದಿಟ್ಟುಕೊಂಡು ಕಾಯುತ್ತಿದ್ದ.